ನಾಲ್ಕು ವಾರ ಕಲಿತ ಹವ್ಯಾಸಿ ವೃತ್ತಿಪರ ಛಾಯಾಗ್ರಾಹಕರ ಸಾಲಿನಲ್ಲಿ ನಿಲ್ಲಬಲ್ಲನೇ?

ರಥಬೀದಿ (ಉಡುಪಿ)

ನಮ್ಮ ಹವ್ಯಾಸಿ ಛಾಯಾಗ್ರಾಹಕರ ಬಳಗದಲ್ಲಿ ಒಂದು ಪರೀಕ್ಷೆ ನಡೆಸುವ ಯೋಚನೆ ಇದೆ. ಕ್ಯಾಮೆರಾವನ್ನು ಪ್ರವಾಸಕ್ಕೂ ಮನೆಯ ಹಬ್ಬಕ್ಕೂ ಮಾತ್ರ ಬಳಸಿದ ಮೂವರನ್ನು ಆರಿಸಿ ನಾಲ್ಕು ವಾರ ಬಿಗಿಯಾದ ತರಬೇತಿ ಕೊಡುವುದು. ಆಮೇಲೆ ಅವರನ್ನೂ ಇಬ್ಬರು ಅನುಭವಿ ವೃತ್ತಿಪರರನ್ನೂ ಒಂದೇ ಕಾರ್ಯಕ್ರಮಕ್ಕೆ ಕಳುಹಿಸುವುದು. ಒಬ್ಬೊಬ್ಬರಿಂದ ಹತ್ತು ಚಿತ್ರ ಪಡೆದು, ಹೆಸರು ತೆಗೆದು ತೀರ್ಪುಗಾರರ ಮುಂದಿಟ್ಟರೆ, ಹವ್ಯಾಸಿ ಯಾರು, ವೃತ್ತಿಪರ ಯಾರು ಎಂದು ಅವರು ಗುರುತಿಸಬಲ್ಲರೇ?

ಗುರುತಿಸಲಾರರು ಎಂಬುದು ನನ್ನ ನಂಬಿಕೆ. ಫಿಲ್ಮ್ ಕಾಲದಲ್ಲಿ ಈ ಕೆಲಸ ನಿಜಕ್ಕೂ ಕಷ್ಟದ್ದಾಗಿತ್ತು. ಒಂದು ರೋಲಿನಲ್ಲಿ 36 ಚಿತ್ರ, ತೊಳೆದು ನೋಡುವವರೆಗೆ ಏನು ಬಂದಿದೆ ಎಂದು ಯಾರಿಗೂ ಗೊತ್ತಿಲ್ಲ. ಇಂದಿನ ಮಿರರ್‌ಲೆಸ್ ಕ್ಯಾಮೆರಾ ಗುಂಡಿ ಒತ್ತುವ ಮೊದಲೇ ಚಿತ್ರ ಎಷ್ಟು ಬೆಳ್ಳಗೆ, ಎಷ್ಟು ಕಪ್ಪಗೆ ಬರುತ್ತದೆ ಎಂದು ತೋರಿಸುತ್ತದೆ. ಎದುರಿಗಿರುವವರ ಕಣ್ಣನ್ನು ತಾನೇ ಹುಡುಕಿ ಫೋಕಸ್ ಮಾಡುತ್ತದೆ. ಷಟರ್ ವೇಗ (ಬೆಳಕು ಒಳಗೆ ಬೀಳುವ ಹೊತ್ತು), ಅಪರ್ಚರ್ (ಲೆನ್ಸಿನ ಬಾಯಿ ಎಷ್ಟು ತೆರೆದಿದೆ), ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಈ ಮೂರರ ಸಂಬಂಧವನ್ನು ಒಂದು ಭಾನುವಾರದಲ್ಲಿ ಕಲಿಸಬಹುದು. ಫ್ಲ್ಯಾಶನ್ನು ಮುಖಕ್ಕೆ ನೇರವಾಗಿ ಹೊಡೆಯದೆ ಗೋಡೆಗೋ ಛಾವಣಿಗೋ ತಿರುಗಿಸುವುದನ್ನು ಇನ್ನೊಂದು ಭಾನುವಾರ ಕಲಿಸಬಹುದು. ಎಲ್ಲಕ್ಕಿಂತ ಅಗ್ಗವಾಗಿ ಸಿಗುವ 50 ಎಂಎಂ, ಎಫ್ 1.8 ಲೆನ್ಸ್ ಸಾಕು, ಹಿನ್ನೆಲೆ ಮಸುಕಾಗಿ ಮುಖ ಎದ್ದು ಕಾಣುತ್ತದೆ. 1888ರಲ್ಲಿ ಕೊಡಕ್ ಕಂಪನಿ ಮೊದಲ ಪೆಟ್ಟಿಗೆ ಕ್ಯಾಮೆರಾ ಮಾರುವಾಗಲೇ, ಗುಂಡಿ ಒತ್ತುವುದಷ್ಟೇ ನಿಮ್ಮ ಕೆಲಸ, ಉಳಿದದ್ದು ನಮ್ಮದು ಎಂದು ಹೇಳಿತ್ತು. ಅಲ್ಲಿಂದ ಇಲ್ಲಿಯವರೆಗೆ ಕೈಯಲ್ಲಿದ್ದ ವಿದ್ಯೆ ಒಂದೊಂದಾಗಿ ಯಂತ್ರದೊಳಗೆ ಸೇರುತ್ತಾ ಬಂದಿದೆ.

ಒಪ್ಪದವರು ಕಾರಣ ಕೊಟ್ಟು ಬರೆಯಿರಿ. ತೀರ್ಪು ಹೇಗೆ ನಡೆಯಬೇಕು ಎಂಬ ಬಗ್ಗೆಯೂ ಸಲಹೆ ಬೇಕು.

ಹಂಪನಕಟ್ಟೆ ಸ್ಟುಡಿಯೊ (ಮಂಗಳೂರು)

ಸರ್, ನಿಮ್ಮ ತೀರ್ಪುಗಾರರು ಖಂಡಿತ ಗುರುತಿಸಲಾರರು. ಸಾವಿರಾರು ಚಿತ್ರ ತೆಗೆದು ಅದರಲ್ಲಿ ಹತ್ತನ್ನು ಆರಿಸಿ ಕೊಡಿ ಎಂದರೆ ಆಸಕ್ತಿ ಇರುವ ಯಾರೂ ಹತ್ತು ಒಳ್ಳೆಯ ಚಿತ್ರ ತಂದೇ ತರುತ್ತಾರೆ. ಆದರೆ ಗಿರಾಕಿ ನಮ್ಮನ್ನು ಹಾಗೆ ಅಳೆಯುವುದಿಲ್ಲ. ಆಲ್ಬಮ್ ಬಿಡಿಸಿದ ಕೂಡಲೇ ಅವರು ಹುಡುಕುವುದು ಇಲ್ಲದ ಚಿತ್ರವನ್ನು. "ದೊಡ್ಡಪ್ಪ ಧಾರೆಗೆ ನಿಂತದ್ದು ಎಲ್ಲಿ?" ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ಉಳಿದ ಐನೂರು ಚಿತ್ರ ಎಷ್ಟು ಚೆನ್ನಾಗಿದ್ದರೂ ಲೆಕ್ಕಕ್ಕಿಲ್ಲ.

ಧಾರೆಯ ಹೊತ್ತನ್ನೇ ನೋಡಿ. ನಮ್ಮ ಸಭಾಂಗಣಗಳಲ್ಲಿ ಮಂಟಪದ ಮೇಲೆ ಹಳದಿ ಬಲ್ಬು, ಪಕ್ಕದ ಕಿಟಕಿಯಿಂದ ಹಗಲಿನ ಬೆಳಕು, ವಿಡಿಯೊದವರ ಬಿಳಿ ದೀಪ, ಅಲಂಕಾರದವರು ಹಾಕಿದ ಬಣ್ಣದ ಎಲ್‌ಇಡಿ. ಮಧುಮಗನ ಪಂಚೆ ಒಂದು ಕಡೆ ಹಳದಿ, ಇನ್ನೊಂದು ಕಡೆ ನೀಲಿ. ಛಾವಣಿಗೆ ಫ್ಲ್ಯಾಶ್ ತಿರುಗಿಸೋಣ ಎಂದರೆ ಮೇಲೆ ಕಟ್ಟಿದ ಕೆಂಪು ಬಟ್ಟೆ, ಅದರ ಬಣ್ಣವೇ ಎಲ್ಲರ ಮುಖಕ್ಕೆ ಇಳಿಯುತ್ತದೆ. ನಮ್ಮಲ್ಲಿ ವಿದ್ಯುತ್ 50 ಹರ್ಟ್ಸ್, ಹಾಗಾಗಿ ಅಗ್ಗದ ಎಲ್‌ಇಡಿ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಅದು ತಿಳಿಯುವುದಿಲ್ಲ, ಆದರೆ ಸೆಕೆಂಡಿನ 500ನೇ ಒಂದು ಭಾಗದ ವೇಗದಲ್ಲಿ ತೆಗೆದರೆ ಚಿತ್ರದಲ್ಲಿ ಅಡ್ಡಡ್ಡ ಕಪ್ಪು ಪಟ್ಟಿಗಳು ಬರುತ್ತವೆ. 1/100ಕ್ಕೋ 1/50ಕ್ಕೋ ಇಳಿಸಿದರೆ ಪಟ್ಟಿ ಹೋಗುತ್ತದೆ, ಆದರೆ ಆಗ ಅಲುಗುವ ಕೈಗಳು ಮಸುಕಾಗುವ ಭಯ. ಏನು ಮಾಡಬೇಕು ಎಂದು ಯೋಚಿಸುತ್ತಾ ನಿಂತರೆ ಪುರೋಹಿತರು ಕಾಯುವುದಿಲ್ಲ, ಮುಹೂರ್ತವೂ ಕಾಯುವುದಿಲ್ಲ. ನೀರು ಬೀಳುವ ಕ್ಷಣಕ್ಕೆ ಸರಿಯಾಗಿ ಸೋದರಮಾವ, ಅತ್ತಿಗೆ, ಮೊಬೈಲ್ ಎತ್ತಿ ಹಿಡಿದ ಗೆಳೆಯರು ಎಲ್ಲರೂ ಮುಂದಕ್ಕೆ ಬರುತ್ತಾರೆ. ಯಾವ ಮೂಲೆಯಲ್ಲಿ ನಿಂತರೆ ಕೈ, ಕಲಶ, ಇಬ್ಬರ ಮುಖ ಮೂರೂ ಸಿಗುತ್ತವೆ ಎಂಬುದನ್ನು ಅರ್ಧ ಗಂಟೆ ಮೊದಲೇ ಪುರೋಹಿತರ ಹತ್ತಿರ ಕೇಳಿ, ಮನೆಯ ಹಿರಿಯರ ಹತ್ತಿರ ಹೇಳಿ ಗೊತ್ತು ಮಾಡಿಕೊಂಡಿರಬೇಕು.

ಇದು ಒಂದು ಸಮುದಾಯದ ಮದುವೆ ಮಾತ್ರ. ಬಂಟರಲ್ಲಿ ಒಂದು ಕ್ರಮ, ಕೊಂಕಣಿಗರಲ್ಲಿ ಇನ್ನೊಂದು. ಬ್ಯಾರಿ ಮನೆಯ ನಿಕಾಹ್‌ನಲ್ಲಿ ಹೆಂಗಸರ ಕಡೆ ಯಾರು ಹೋಗಬಹುದು ಎಂದು ಮೊದಲೇ ಕೇಳಬೇಕು. ಚರ್ಚಿನಲ್ಲಿ ಬಲಿಪೀಠದ ಹತ್ತಿರ ಎಲ್ಲಿಯವರೆಗೆ ಹೋಗಬಹುದು ಎಂಬುದನ್ನು ಪಾದ್ರಿಗಳೇ ಹೇಳುತ್ತಾರೆ.

ಇನ್ನು ಆಲ್ಬಮ್. ಈಗ ಎಲ್ಲರೂ ಕೇಳುವ ಕರಿಜ್ಮಾ ಆಲ್ಬಮಿನಲ್ಲಿ ಎರಡು ಪುಟ ಬಿಡಿಸಿದರೆ 12 ಇಂಚು ಎತ್ತರ, 36 ಇಂಚು ಅಗಲ. ಇಂಚಿಗೆ 300 ಚುಕ್ಕೆ ಎಂದು ಲೆಕ್ಕ ಹಾಕಿದರೆ 3600 ಗುಣಿಸು 10800. ಮೊಬೈಲ್ ಪರದೆಯಲ್ಲಿ ಹೊಳೆಯುವ ಚಿತ್ರ ಆ ಅಳತೆಯಲ್ಲಿ ಏನಾಗುತ್ತದೆ ಎಂದು ಒಮ್ಮೆ ಮುದ್ರಿಸಿ ನೋಡಿ. ಬೆಳಿಗ್ಗೆ ಮನೆಯಲ್ಲಿ ಕಂಡ ಸೀರೆಯ ಬಣ್ಣವೇ ಮಧ್ಯಾಹ್ನ ಮಂಟಪದಲ್ಲಿಯೂ ಕಾಣಬೇಕು. ಮಧುಮಗಳಿಗೆ ತನ್ನ ಸೀರೆಯ ಬಣ್ಣ ಚೆನ್ನಾಗಿ ಗೊತ್ತಿರುತ್ತದೆ.

ಚೌಕಿಮನೆ (ಬ್ರಹ್ಮಾವರ)

ಹಂಪನಕಟ್ಟೆಯವರು ಹೇಳಿದ ಒಂದೊಂದು ಮಾತೂ ನಿಜ. ಆದರೆ ಅದನ್ನು ವೃತ್ತಿಪರರ ಸ್ವತ್ತು ಎನ್ನುವುದನ್ನು ನಾನು ಒಪ್ಪುವುದಿಲ್ಲ. ನಾನು ಬ್ಯಾಂಕ್ ಉದ್ಯೋಗಿ. ದೀಪಾವಳಿಯ ನಂತರ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟಲ್ಲಿಂದ ಮೇ ತಿಂಗಳ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚುವವರೆಗೆ ಬಿಡುವಾದಾಗಲೆಲ್ಲ ಬಯಲಾಟದ ಚಿತ್ರ ತೆಗೆಯುತ್ತೇನೆ. ಹಣ ಪಡೆದು ಬರುವ ಛಾಯಾಗ್ರಾಹಕರನ್ನು ಅಲ್ಲಿ ಬಹಳ ನೋಡಿದ್ದೇನೆ. ವೇಷಧಾರಿ ಅರ್ಥ ಹೇಳಲು ಬಾಯಿ ತೆರೆದಾಗ ಒಂದು, ತಿರುಗಿ ನಿಂತಾಗ ಒಂದು, ನಡುವೆ ಕಲಾವಿದನ ಕಣ್ಣಿಗೇ ಫ್ಲ್ಯಾಶ್. ಕ್ಯಾಮೆರಾ ದುಬಾರಿ, ಚಿತ್ರದಲ್ಲಿ ಜೀವ ಇಲ್ಲ.

ತೆಂಕುತಿಟ್ಟು ಶೈಲಿಯ ಧೀಂಗಿಣ, ಅಂದರೆ ಗಾಳಿಗೆ ಹಾರಿ ಸುತ್ತುವ ಕುಣಿತ, ಯಾವಾಗ ಏಳುತ್ತದೆ ಎಂದು ಕ್ಯಾಮೆರಾ ಹೇಳುವುದಿಲ್ಲ, ಚೆಂಡೆ ಹೇಳುತ್ತದೆ. ಪೆಟ್ಟಿನ ನಡೆ ಏರುವಾಗಲೇ ಬೆರಳು ಸಿದ್ಧವಾಗಬೇಕು. ವೇಷ ಗಾಳಿಯಲ್ಲಿರುವುದನ್ನು ಕಂಡು ಒತ್ತಿದರೆ ಸಿಗುವುದು ನೆಲಕ್ಕೆ ಬಂದ ಕಾಲು. ಬಣ್ಣದ ವೇಷದ (ರಾಕ್ಷಸ ಪಾತ್ರದ) ಪ್ರವೇಶದಲ್ಲಿ ದೊಂದಿಗೆ ರಾಳದ ಪುಡಿ ಎರಚುತ್ತಾರೆ. ಭಗ್ಗೆಂದು ಬೆಂಕಿ ಎದ್ದಾಗ ಬೆಳಕಿನ ಲೆಕ್ಕವನ್ನು ಯಂತ್ರಕ್ಕೆ ಬಿಟ್ಟಿದ್ದರೆ, ಅದು ಜ್ವಾಲೆಗೆ ಹೆದರಿ ಇಡೀ ಚಿತ್ರವನ್ನು ಕತ್ತಲೆಗೆ ಇಳಿಸುತ್ತದೆ, ಮುಖವರ್ಣಿಕೆ ಮಸಿಯಾಗುತ್ತದೆ. ಬೆಂಕಿ ಬರುತ್ತದೆ ಎಂದು ಗೊತ್ತಿದ್ದವನು ಮೊದಲೇ ಮ್ಯಾನುವಲ್‌ನಲ್ಲಿ ಇಟ್ಟುಕೊಂಡು ಕಾಯುತ್ತಾನೆ. ಅದನ್ನು ಯಾವ ಕೋರ್ಸಿನಲ್ಲಿಯೂ ಕಲಿಸುವುದಿಲ್ಲ. ಆಟ ನೋಡಿ ನೋಡಿ ಬರಬೇಕು.

ವಿವಿಯನ್ ಮೇಯರ್ ಹೆಸರು ಕೇಳಿರಬಹುದು. ಷಿಕಾಗೊದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದ ಮಹಿಳೆ. ಬಿಡುವಿನಲ್ಲಿ ಬೀದಿ ತಿರುಗಿ ಒಂದು ಲಕ್ಷಕ್ಕೂ ಹೆಚ್ಚು ಚಿತ್ರ ತೆಗೆದರು, ಯಾರಿಗೂ ತೋರಿಸಲಿಲ್ಲ. 2007ರಲ್ಲಿ ಹರಾಜಿನ ಪೆಟ್ಟಿಗೆಗಳಲ್ಲಿ ಅವು ಸಿಕ್ಕವು, 2009ರಲ್ಲಿ ಅವರು ತೀರಿಕೊಂಡ ಮೇಲೆ ಜಗತ್ತು ಆ ಚಿತ್ರಗಳನ್ನು ನೋಡಿತು. ನಮ್ಮ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ಕಾಫಿ ತೋಟದಲ್ಲಿ ಇದ್ದುಕೊಂಡು ಹಕ್ಕಿಗಳ ಹಿಂದೆ ಬಿದ್ದವರು. ಅವರ ಚಿತ್ರಗಳ ಮುಂದೆ ನಿಂತು ಹವ್ಯಾಸಿ ಎಂದು ಯಾರು ಹೇಳಿಯಾರು?

ಹಾಗಾಗಿ ರಥಬೀದಿಯವರೇ, ನಾಲ್ಕು ವಾರ ಸಾಕೇ ಎನ್ನುವುದಕ್ಕಿಂತ, ಆ ಮೂವರು ಯಾವುದರ ಚಿತ್ರ ತೆಗೆಯಲಿದ್ದಾರೆ, ಅದರ ಜೊತೆ ಅವರ ಒಡನಾಟ ಎಷ್ಟು ವರ್ಷದ್ದು ಎಂದು ಮೊದಲು ಕೇಳಿ.

ಹಂಪನಕಟ್ಟೆ ಸ್ಟುಡಿಯೊ (ಮಂಗಳೂರು)

ಚೌಕಿಮನೆಯವರೇ, ನಿಮಗೆ ಕೈಮುಗಿಯುತ್ತೇನೆ. ಆಟದ ಚಿತ್ರ ನಿಮ್ಮಷ್ಟು ಚೆನ್ನಾಗಿ ನನ್ನಿಂದ ಆಗದು. ಆದರೆ ನಿಮಗೆ ಬೇಸರ ಬಂದ ರಾತ್ರಿ ಮನೆಗೆ ಹೋಗಬಹುದು. ನಮಗೆ ಗುರುತು ಪರಿಚಯ ಇಲ್ಲದ ಮನೆಯ ಆರತಕ್ಷತೆಯಲ್ಲಿ, ಬೆಳಿಗ್ಗೆ ಆರರಿಂದ ನಿಂತ ಕಾಲಿನಲ್ಲಿ, ರಾತ್ರಿ ಹತ್ತಕ್ಕೆ ವೇದಿಕೆ ಹತ್ತಿದ ಕೊನೆಯ ಸಂಸಾರಕ್ಕೂ ಮೊದಲ ಸಂಸಾರಕ್ಕೆ ಕೊಟ್ಟಷ್ಟೇ ಗಮನ ಕೊಡಬೇಕು. ಗಿರಾಕಿ ಹಣ ಕೊಡುವುದು ಅದಕ್ಕೆ.

ಅಬ್ಬಲಿಗೆ (ಕಂಕನಾಡಿ)

ಕ್ಯಾಮೆರಾದ ವಿಷಯ ನನಗೆ ಗೊತ್ತಿಲ್ಲ. ಗಿರಾಕಿಯಾಗಿ ಬರೆಯುತ್ತಿದ್ದೇನೆ.

ನನ್ನ ತಂಗಿಯ ರೋಸ್‌ಗೆ (ನಮ್ಮ ಕ್ರೈಸ್ತರಲ್ಲಿ ಮದುವೆಗೆ ಮುನ್ನ ನಡೆಯುವ ಶಾಸ್ತ್ರ) ಹೊಸದಾಗಿ ಕಲಿತು ಬಂದ ಒಬ್ಬ ಯುವಕನನ್ನು ಕರೆಸಿದ್ದೆವು. ಅವರ ಪುಟದಲ್ಲಿದ್ದ ಚಿತ್ರಗಳು ಬಹಳ ಸುಂದರವಾಗಿದ್ದವು, ದರವೂ ಕಡಿಮೆ. ಕುವೈತ್‌ನಿಂದ ದೊಡ್ಡಣ್ಣ, ದುಬೈಯಿಂದ ಚಿಕ್ಕಪ್ಪನ ಮಕ್ಕಳು ಎಲ್ಲರೂ ರಜೆ ಹೊಂದಿಸಿಕೊಂಡು ಬಂದಿದ್ದರು. ನಾವು ಐದು ಜನ ಒಡಹುಟ್ಟಿದವರು ಎಷ್ಟೋ ವರ್ಷಗಳ ನಂತರ ಒಂದೇ ಅಂಗಳದಲ್ಲಿ ಸೇರಿದ ದಿನ ಅದು. ತೆಂಗಿನ ಹಾಲು ಹಚ್ಚುವುದು, ಹಾಡು, ನಗು, ಎಲ್ಲವೂ ಆಯಿತು. ಎರಡು ದಿನದ ಮೇಲೆ ಆ ಯುವಕ ಬಂದು, ಕಾರ್ಡ್ ಕೆಟ್ಟಿದೆ, ಏನೂ ಉಳಿದಿಲ್ಲ ಎಂದರು. ಮುಂಗಡ ಹಣ ಪೂರ್ತಿ ವಾಪಸ್ ಕೊಟ್ಟರು, ಅತ್ತರು ಕೂಡ. ನನಗೆ ಅವರ ಮೇಲೆ ಈಗ ಸಿಟ್ಟಿಲ್ಲ. ಆದರೆ ನಾವು ಐವರು ಮತ್ತೆ ಒಟ್ಟಿಗೆ ಸೇರಿಲ್ಲ. ನಿಮ್ಮ ನಾಲ್ಕು ವಾರದ ತರಬೇತಿಯಲ್ಲಿ ಈ ವಿಷಯಕ್ಕೆ ಎಷ್ಟು ಗಂಟೆ ಇಟ್ಟಿದ್ದೀರಿ?

ಹಂಪನಕಟ್ಟೆ ಸ್ಟುಡಿಯೊ (ಮಂಗಳೂರು)

ಅಕ್ಕ, ಓದಿ ಸಂಕಟವಾಯಿತು. ಇದು ತಪ್ಪಿಸಬಹುದಾದ ನಷ್ಟ, ಅದಕ್ಕೇ ಹೆಚ್ಚು ಸಂಕಟ.

ಹೊಸಬರು ದಯವಿಟ್ಟು ಗಮನಿಸಿ. ಹಣ ಪಡೆದು ಹೋಗುವ ಕೆಲಸಕ್ಕೆ ಎರಡು ಕಾರ್ಡ್ ಹಾಕಲು ಬರುವ ಕ್ಯಾಮೆರಾವನ್ನೇ ಒಯ್ಯಿರಿ, ಪ್ರತಿ ಚಿತ್ರವೂ ಎರಡರಲ್ಲಿಯೂ ಬರೆಯುವಂತೆ ಇಡಿ. ಅಂಥ ಕ್ಯಾಮೆರಾ ಇಲ್ಲದಿದ್ದರೆ ಬಾಡಿಗೆಗೆ ತನ್ನಿ. ಅದೂ ಆಗದಿದ್ದರೆ ಸಣ್ಣ ಸಣ್ಣ ಕಾರ್ಡ್‌ಗಳನ್ನು ಬಳಸಿ ಆಗಾಗ ಬದಲಾಯಿಸಿ, ಒಂದು ಹೋದರೂ ಇಡೀ ದಿನ ಹೋಗುವುದಿಲ್ಲ. ಮನೆಗೆ ಬಂದ ರಾತ್ರಿಯೇ ಎರಡು ಬೇರೆ ಬೇರೆ ಡಿಸ್ಕ್‌ಗಳಿಗೆ ನಕಲು ಮಾಡಿ, ಒಂದನ್ನು ಬೇರೆ ಕಟ್ಟಡದಲ್ಲಿ ಇಡಿ. ಆಲ್ಬಮ್ ಗಿರಾಕಿಯ ಕೈ ಸೇರುವವರೆಗೆ ಕಾರ್ಡನ್ನು ಅಳಿಸಬೇಡಿ. ಕಾರ್ಡ್ ಕೆಟ್ಟಿದೆ ಎಂದು ತೋರಿದರೆ ಮತ್ತೆ ಅದರಲ್ಲಿ ಒಂದೇ ಒಂದು ಚಿತ್ರವನ್ನೂ ತೆಗೆಯದೆ ಹೊರಗಿಟ್ಟು ಡೇಟಾ ಹಿಂಪಡೆಯುವವರ ಹತ್ತಿರ ಒಯ್ಯಿರಿ. ಎಷ್ಟೋ ಸಲ ಚಿತ್ರಗಳು ಒಳಗೇ ಇರುತ್ತವೆ.

ಲೇಡಿಹಿಲ್ (ಮಂಗಳೂರು)

ವಕೀಲೆಯಾಗಿ ಎರಡು ಮಾತು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ತೆಗೆಸಿಕೊಂಡ ಛಾಯಾಚಿತ್ರದ ಮೊದಲ ಹಕ್ಕುದಾರರು ತೆಗೆಸಿಕೊಂಡವರು. ಬೇರೆ ಒಪ್ಪಂದ ಇದ್ದರೆ ಮಾತ್ರ ಇದು ಬದಲಾಗುತ್ತದೆ. ಮಧುಮಗಳ ಚಿತ್ರವನ್ನು ಪ್ರಚಾರಕ್ಕೆ ಬಳಸುವ ಮುನ್ನ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಡ್ರೋನ್ ಹಾರಿಸುವವರಿಗೆ 2021ರ ಡ್ರೋನ್ ನಿಯಮಗಳಿವೆ: 250 ಗ್ರಾಂಗಿಂತ ಭಾರದ ಡ್ರೋನನ್ನು ದುಡಿಮೆಗೆ ಬಳಸುವುದಾದರೆ ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕು. ಬಜ್ಪೆ ವಿಮಾನ ನಿಲ್ದಾಣದ ಸುತ್ತಮುತ್ತ ಮದುವೆ ಒಪ್ಪಿಕೊಳ್ಳುವವರು ಆ ಜಾಗ ಯಾವ ವಲಯದಲ್ಲಿದೆ ಎಂದು ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನೋಡಿಕೊಳ್ಳಬೇಕು. ತರಬೇತಿ ಎಂದು ಹೆಸರಿಟ್ಟ ಮೇಲೆ ಇದಕ್ಕೂ ಅರ್ಧ ದಿನ ಇಡಿ.

ಸುರತ್ಕಲ್ ಅಲೆ

ನಾನು ಇಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿ. ಇಂಥ ಒಂದು ಕಿರು ತರಬೇತಿ ಮುಗಿಸಿದ್ದೇನೆ. ಸೋದರತ್ತೆಯ ಮಗಳ ನಿಶ್ಚಿತಾರ್ಥದ ಚಿತ್ರ ತೆಗೆದುಕೊಡು ಎಂದು ಮನೆಯಲ್ಲಿ ಹೇಳುತ್ತಿದ್ದಾರೆ. ಮೇಲಿನದನ್ನೆಲ್ಲ ಓದಿದ ಮೇಲೆ ಒಪ್ಪಿಕೊಳ್ಳಲು ಧೈರ್ಯ ಬರುತ್ತಿಲ್ಲ. ಆದರೆ ಒಪ್ಪಿಕೊಳ್ಳದಿದ್ದರೆ ಕಲಿಯುವುದು ಹೇಗೆ? ಕಡಿಮೆ ದರಕ್ಕೆ ಹೋದರೆ ಸ್ಟುಡಿಯೊದವರು ನಮ್ಮ ಹೊಟ್ಟೆಯ ಮೇಲೆ ಹೊಡೆಯಬೇಡಿ ಎನ್ನುತ್ತಾರೆ. ಸರಿಯಾದ ದರ ಹೇಳಿದರೆ ಗಿರಾಕಿ ಎಷ್ಟು ವರ್ಷದ ಅನುಭವ ಎನ್ನುತ್ತಾರೆ. ಎರಡೂ ನ್ಯಾಯವಾದ ಮಾತೇ. ಹೊಸಬರಿಗೆ ದಾರಿ ಯಾವುದು ಎಂದು ಹಿರಿಯರು ಹೇಳಬೇಕು. ಇನ್ನೊಂದು ಪ್ರಶ್ನೆ: ಮಳೆಗಾಲದಲ್ಲಿ ಲೆನ್ಸಿನ ಒಳಗೆ ಜೇಡನ ಬಲೆಯಂಥದ್ದು ಬಂದಿದೆ, ಅದು ಏನು?

ಚೌಕಿಮನೆ (ಬ್ರಹ್ಮಾವರ)

ಅದು ಬೂಸ್ಟು. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೆನ್ಸನ್ನು ಚರ್ಮದ ಚೀಲದಲ್ಲಿಟ್ಟು ಕಪಾಟಿಗೆ ಸೇರಿಸಿದರೆ ಬರದೆ ಇರುವುದಿಲ್ಲ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ತೇವಾಂಶ ತೋರಿಸುವ ಸಣ್ಣ ಮಾಪಕವನ್ನೂ ಇಟ್ಟು, 40ರಿಂದ 50 ಶೇಕಡಾ ಒಳಗೆ ನಿಲ್ಲುವಂತೆ ನೋಡಿಕೊಳ್ಳಿ. ಈಗ ಬಂದಿರುವುದನ್ನು ಬೇಗ ಬಿಚ್ಚಿಸಿ ಒರೆಸಿಸಿ, ತಡವಾದರೆ ಗಾಜಿನ ಲೇಪವನ್ನೇ ತಿನ್ನುತ್ತದೆ.

ಮಂಜೊಟ್ಟಿ (ಕಾರ್ಕಳ)

ರಥಬೀದಿಯವರೇ, ನಿಮ್ಮ ಪರೀಕ್ಷೆಯನ್ನು ಕಂಬಳದಲ್ಲಿ ನಡೆಸಿ. ಜೋಡುಕರೆ (ಅಕ್ಕಪಕ್ಕದ ಎರಡು ಓಟದ ಕಣ), ಒಂದೇ ಓಟ, ಐವರನ್ನೂ ಅಕ್ಕಪಕ್ಕ ನಿಲ್ಲಿಸಬಹುದು. ಓಟ ಶುರುವಾಗುವ ಗಂತಿನಿಂದ ಅದು ಮುಗಿಯುವ ಮಂಜೊಟ್ಟಿಗೆ ಬರುವುದು ಕೆಲವೇ ಸೆಕೆಂಡುಗಳ ಮಾತು. 1/1000ಕ್ಕಿಂತ ಕಡಿಮೆ ವೇಗದಲ್ಲಿ ತೆಗೆದರೆ ಕೋಣದ ಕಾಲು ಮಸುಕು, ಓಡಿಸುವವರ ಮುಖ ಮಸುಕು. ಓಡಿಸುವವರು ಹಲಗೆಯ ಮೇಲೆ ನಿಲ್ಲುವ ಕನೆಹಲಗೆ ವಿಭಾಗದಲ್ಲಿ ನೀರು ಮೇಲೆ ಕಟ್ಟಿದ ನಿಶಾನೆಗೆ ಚಿಮ್ಮಬೇಕು, ಆರೂವರೆ ಕೋಲು, ಏಳೂವರೆ ಕೋಲು ಎತ್ತರಕ್ಕೆ. ಇಳಿಬಿಸಿಲು ಎದುರಿಗಿರುವ ಹಾಗೆ ನಿಂತರೆ ಆ ನೀರಿನ ಒಂದೊಂದು ಹನಿಯೂ ಬೆಳ್ಳಿಯಂತೆ ಕಾಣುತ್ತದೆ, ಬಿಸಿಲಿಗೆ ಬೆನ್ನು ಹಾಕಿದರೆ ಬರಿಯ ಕೆಸರು. ಇದು ಗೊತ್ತಿರುವ ಹಳ್ಳಿಯ ಹುಡುಗ ಹಳೆಯ ಕ್ಯಾಮೆರಾದಲ್ಲಿಯೂ ಗೆಲ್ಲುತ್ತಾನೆ.

ಕಾಪು ದೀಪಸ್ತಂಭ

ಕಂಬಳ ಒಳ್ಳೆಯ ಸಲಹೆ, ಆದರೆ ಒಂದು ತೊಡಕಿದೆ. ಅಲ್ಲಿ ಒಂದು ಜೊತೆ ಕೋಣ ತಪ್ಪಿದರೆ ಹಿಂದೆಯೇ ಇನ್ನೊಂದು ಜೊತೆ ಬರುತ್ತದೆ, ಬೆಳಗಿನವರೆಗೂ ಬರುತ್ತಲೇ ಇರುತ್ತದೆ. ಮರಳಿ ಮರಳಿ ಅವಕಾಶ ಸಿಗುವಲ್ಲಿ ಕಲಿಕೆಯವರೂ ದಾಟಿಬಿಡುತ್ತಾರೆ. ಉಡುಪಿ ಕೃಷ್ಣನ ಪೂಜೆಯ ಹೊಣೆ ಎಂಟು ಮಠಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯವನ್ನು ನೆನೆಸಿಕೊಳ್ಳಿ. ಎರಡು ವರ್ಷಕ್ಕೊಮ್ಮೆ ಜನವರಿ 18ರ ನಸುಕಿನಲ್ಲಿ ಜೋಡುಕಟ್ಟೆಯಿಂದ ಮೆರವಣಿಗೆ. ಅಂದು ಪೀಠವೇರುವ ಮಠಕ್ಕೆ ಮತ್ತೆ ಸರದಿ ಬರುವುದು 16 ವರ್ಷದ ಮೇಲೆ. ರಥಬೀದಿಯಲ್ಲಿ ನಿಂತವನಿಗೆ ತಪ್ಪಿದ್ದು ತಪ್ಪಿದ್ದೇ. ಮದುವೆಯ ಧಾರೆಯೂ ಆ ಜಾತಿಯದ್ದು. ನಿಜವಾದ ಪರೀಕ್ಷೆ ನಡೆಯಬೇಕಾದದ್ದು ಮರುಕಳಿಸದ ಕಡೆ.

ಇನ್ನೊಂದು ಬೇಡಿಕೆ. ದೈವಾರಾಧನೆಯ ಕೋಲ, ನೇಮಗಳನ್ನು ದಯವಿಟ್ಟು ಈ ಪರೀಕ್ಷೆಗೆ ಎಳೆಯಬೇಡಿ. ದೈವ ಆವೇಶದಲ್ಲಿರುವಾಗ ಮುಖದ ಮುಂದೆ ಲೆನ್ಸ್ ಚಾಚುವವರು, ದೈವದ ವೇಷದ ಅಣಿ ಕಟ್ಟುವಲ್ಲಿಗೆ ಚಪ್ಪಲಿ ಹಾಕಿಕೊಂಡೇ ನುಗ್ಗುವವರು ಈಚೆಗೆ ಹೆಚ್ಚಾಗಿದ್ದಾರೆ. ಕೆಲವು ಸ್ಥಾನಗಳಲ್ಲಿ ಚಿತ್ರ ತೆಗೆಯುವುದೇ ಕೂಡದು ಎಂಬ ಕಟ್ಟು ಇದೆ. ಗುತ್ತಿನವರನ್ನು (ನೇಮದ ಹೊಣೆ ಹೊತ್ತ ಮನೆತನದವರನ್ನು) ಕೇಳಿ, ಅವರು ಬೇಡ ಎಂದರೆ ಚೀಲ ಬಿಚ್ಚದೆ ಕೈಮುಗಿದು ನಿಲ್ಲಬೇಕು. ಕಲಿಸುವವರು ಇದನ್ನು ಮೊದಲ ದಿನವೇ ಹೇಳಿಕೊಡಬೇಕು.

ರಥಬೀದಿ (ಉಡುಪಿ)

ಎಲ್ಲರಿಗೂ ಧನ್ಯವಾದ. ಬಳಗದಲ್ಲಿ ಕೂತು ಮಾತಾಡಿ ಪರೀಕ್ಷೆಯ ರೂಪ ಬದಲಿಸಿದ್ದೇವೆ. ಆರಿಸಿದ ಹತ್ತು ಚಿತ್ರಗಳ ಪದ್ಧತಿ ಬಿಟ್ಟೆವು. ಒಂದು ಮದುವೆ, ಆ ಮನೆಯವರ ಒಪ್ಪಿಗೆಯೊಂದಿಗೆ. ಅವರು ನಿಜವಾಗಿ ನೆಚ್ಚುವುದು ಹಣ ಕೊಟ್ಟು ಕರೆಸಿದ ಸ್ಟುಡಿಯೊದವರನ್ನೇ, ನಮ್ಮ ಐವರು ಅವರ ಕೆಲಸಕ್ಕೆ ಅಡ್ಡ ಬರಕೂಡದು. ತಮಗೆ ಬೇಕೇ ಬೇಕಾದ ಕ್ಷಣಗಳನ್ನೂ ಜನರನ್ನೂ ಮನೆಯವರು ಮೊದಲೇ ಬರೆದು ಮುಚ್ಚಿದ ಲಕೋಟೆಯಲ್ಲಿ ಇಡುತ್ತಾರೆ. ಐವರೂ ಇಡೀ ದಿನದ ಕೆಲಸವನ್ನು ಆಲ್ಬಮ್ ರೂಪದಲ್ಲಿ ಒಪ್ಪಿಸಬೇಕು, ಆಮೇಲೆ ಲಕೋಟೆ ತೆರೆಯುತ್ತೇವೆ. ತೀರ್ಪುಗಾರರಲ್ಲಿ ಛಾಯಾಗ್ರಾಹಕರು ಇರುವುದಿಲ್ಲ. ಮಧುಮಕ್ಕಳು, ಅವರ ತಂದೆತಾಯಿ, ಒಬ್ಬ ಅಜ್ಜಿ. ದಿನದ ನಡುವೆ ಯಾವುದೋ ಒಂದು ಹೊತ್ತಿನಲ್ಲಿ ಪ್ರತಿಯೊಬ್ಬರ ಒಂದು ಕಾರ್ಡನ್ನು ನಾವು ತೆಗೆದುಕೊಂಡು ಬಿಡುತ್ತೇವೆ. ಅಬ್ಬಲಿಗೆಯವರ ಪ್ರಶ್ನೆಗೆ ನಮ್ಮ ಉತ್ತರ ಅದು.

ತರಬೇತಿಯಲ್ಲಿಯೂ ಬದಲಾವಣೆ ಇದೆ. ಎರಡು ವಾರ ಮಾತ್ರ ಪಾಠ. ಉಳಿದ ಎರಡು ವಾರ ಸ್ಟುಡಿಯೊದವರ ಜೊತೆ ಸಹಾಯಕರಾಗಿ ಓಡಾಟ. ಆ ಮೂವರಲ್ಲಿ ಒಬ್ಬರು ನಮ್ಮ ಮನೆಗಳ ಮದುವೆಗಳಲ್ಲಿ ಅಡುಗೆಯಿಂದ ಮಂಟಪದವರೆಗೆ ಎಲ್ಲ ಓಡಾಡಿ ಬೆಳೆದ ಹೆಣ್ಣುಮಗಳು. ಯಾವ ಹೊತ್ತಿಗೆ ಯಾರ ಕಣ್ಣು ತುಂಬುತ್ತದೆ ಎಂದು ಅವರಿಗೆ ಗೊತ್ತು. ಉಳಿದ ಇಬ್ಬರ ಬಗ್ಗೆ ನನಗೆ ಅನುಮಾನವಿದೆ, ಆದರೆ ಈ ಹೆಣ್ಣುಮಗಳು ದಾಟುತ್ತಾರೆ ಎಂದು ಈಗಲೂ ನಂಬಿದ್ದೇನೆ.

ಮಂಜೊಟ್ಟಿ (ಕಾರ್ಕಳ)

ಕಂಬಳಕ್ಕೂ ಬನ್ನಿ, ಪರೀಕ್ಷೆ ಇಲ್ಲದಿದ್ದರೂ ಸರಿ.

ಹಂಪನಕಟ್ಟೆ ಸ್ಟುಡಿಯೊ (ಮಂಗಳೂರು)

ರಥಬೀದಿಯವರೇ, ಈಗ ಇದು ಪರೀಕ್ಷೆ. ವೃತ್ತಿಪರರ ಕಡೆಯಿಂದ ಒಬ್ಬನಾಗಿ ನಾನೇ ಬರುತ್ತೇನೆ.

ಸುರತ್ಕಲ್ ಅಲೆ, ನಿಮಗೆ ದಾರಿ ಇದೆ. ನಿಶ್ಚಿತಾರ್ಥಕ್ಕೆ ಅನುಭವಿಯೊಬ್ಬರನ್ನು ಗೊತ್ತು ಮಾಡಲು ಮನೆಯವರಿಗೆ ಹೇಳಿ, ನೀವು ಅವರ ಜೊತೆ ಎರಡನೆಯ ಕ್ಯಾಮೆರಾ ಹಿಡಿಯಿರಿ. ಅವರು ಉಂಗುರ ನೋಡುವಾಗ ನೀವು ತಾಯಂದಿರ ಮುಖ ನೋಡಿ. ಬರುವ ಭಾನುವಾರ ನಮ್ಮದೊಂದು ಮದುವೆ ಇದೆ, ಬರುವುದಾದರೆ ಸಹಾಯಕನ ಸಂಬಳ ಕೊಡುತ್ತೇನೆ. ಮಧ್ಯಾಹ್ನದವರೆಗೆ ದೀಪ ಹಿಡಿಯುವ ಕೆಲಸ, ಊಟದ ನಂತರ ಕ್ಯಾಮೆರಾ. ಗಾಢ ಬಣ್ಣದ ಅಂಗಿ, ಸದ್ದು ಮಾಡದ ಚಪ್ಪಲಿ, ಖಾಲಿ ಕಾರ್ಡ್ ಎರಡು. ಮುಹೂರ್ತ 11.40ಕ್ಕೆ, ನೀವು ಏಳೂವರೆಗೆ ಮಧುಮಗಳ ಮನೆಯಲ್ಲಿ ಇರಬೇಕು. ವಿಳಾಸವನ್ನು ಖಾಸಗಿ ಸಂದೇಶದಲ್ಲಿ ಕಳುಹಿಸಿದ್ದೇನೆ.